ಸೆನ್ ಠಾಣೆಯವರಿಗೊಂದು ಬಹಿರಂಗ ಪತ್ರ: ಆ ಉದ್ದನೆಯ ನಂಬರನ್ನೂ ಕೇಳಿ

ರಾಜ್ಯದ ಎಲ್ಲ ಜಿಲ್ಲೆಗಳ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗಳ ಇನ್‌ಸ್ಪೆಕ್ಟರ್‌ಗಳಿಗೆ, ಸಬ್ ಇನ್‌ಸ್ಪೆಕ್ಟರ್‌ಗಳಿಗೆ, ಮುಖ್ಯವಾಗಿ ದೂರು ಬರೆದುಕೊಳ್ಳುವ ರೈಟರ್‌ಗಳಿಗೆ,

ನಮಸ್ಕಾರ.

ನಾನು ಒಂದು ತಾಲ್ಲೂಕು ಊರಿನಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಅಂಗಡಿಯವರು, ಮೇಷ್ಟ್ರುಗಳು, ರಿಟೈರ್ ಆದವರು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರ ಹುಡುಗರು ನನ್ನ ಹತ್ತಿರ ಬರುತ್ತಾರೆ. 2022ರ ಬಜೆಟ್‌ನಲ್ಲಿ ಕ್ರಿಪ್ಟೊ ಲಾಭಕ್ಕೆ ಶೇ 30ರ ತೆರಿಗೆ ಬಂದ ಮೇಲೆ ಈ ವಿಷಯ ನನ್ನ ಟೇಬಲ್ಲಿಗೂ ಬಂತು. ಲಾಭ ತೋರಿಸಲು ಬರುವವರು ಕಡಿಮೆ. ದುಡ್ಡು ಹೋಯ್ತು, ಏನಾದರೂ ಮಾಡೋಕಾಗುತ್ತಾ ಅಂತ ಬರುವವರೇ ಜಾಸ್ತಿ. ಅವರಲ್ಲಿ ಕೆಲವರ ಜೊತೆ ಠಾಣೆಗೂ ಹೋಗಿದ್ದೇನೆ.

ಠಾಣೆಯಲ್ಲಿ ಕೇಳುವ ಪ್ರಶ್ನೆಗಳು ಈಗ ನನಗೆ ಬಾಯಿಪಾಠ. ಯಾವ ಬ್ಯಾಂಕು, ಯುಪಿಐ ರೆಫರೆನ್ಸ್ ನಂಬರ್ ಏನು, ಕಾಲ್ ಬಂದಿದ್ದು ಯಾವ ನಂಬರಿನಿಂದ, ಒಟ್ಟು ಎಷ್ಟು ಹೋಯಿತು. ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಕಾಯಿನ್ ಯಾವ ವ್ಯಾಲೆಟ್ ಅಡ್ರೆಸ್‌ಗೆ (ಕ್ರಿಪ್ಟೊದ ಅಕೌಂಟ್ ನಂಬರ್ ಇದ್ದ ಹಾಗೆ) ಹೋಯಿತು, ಅದರ ಟ್ರಾನ್ಸಾಕ್ಷನ್ ಐಡಿ ಏನು ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಒಂದು ಕಡೆಯಂತೂ "ಕ್ರಿಪ್ಟೊಗೆ ಹೋದ್ರೆ ಮುಗೀತು ಸರ್, ಅದು ಟ್ರೇಸ್ ಆಗಲ್ಲ" ಅಂದುಬಿಟ್ಟರು. ನಾನು ಈ ಪತ್ರ ಬರೆಯುತ್ತಿರುವುದೇ ಆ ಮಾತಿಗಾಗಿ. ಅದು ತಪ್ಪು. ಎಷ್ಟೋ ಸಲ ಬ್ಯಾಂಕಿನ ದುಡ್ಡಿಗಿಂತ ಕ್ರಿಪ್ಟೊದ ಹಿಂದೆ ಹೋಗುವುದೇ ಸುಲಭ.

ನಿಮ್ಮ ಮೇಲೆ ದೂರು ಹೇಳಲು ಬರೆದದ್ದಲ್ಲ ಇದು. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು, ಮೂರನ್ನೂ ಒಂದೇ ಠಾಣೆಯ ತಲೆಗೆ ಕಟ್ಟಿದ್ದಾರೆ. ಬೆಳಿಗ್ಗೆ ಗಾಂಜಾ ಕೇಸಿನ ಮಹಜರು ಮುಗಿಸಿ ಬಂದವರು ಮಧ್ಯಾಹ್ನ ಬ್ಲಾಕ್‌ಚೈನ್ ಅರ್ಥ ಮಾಡಿಕೊಳ್ಳಬೇಕು ಅಂದರೆ ಕಷ್ಟವೇ. ಆದರೆ ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾಗಿದ್ದು ಬೆಂಗಳೂರಿನಲ್ಲಿ. ಹಾಗಾಗಿ ನಿಮ್ಮಿಂದ ಸ್ವಲ್ಪ ಜಾಸ್ತಿ ಕೇಳುವ ಹಕ್ಕು ನಮಗಿದೆ ಅಂದುಕೊಂಡಿದ್ದೇನೆ.

ಮೊದಲು ಈ ವ್ಯವಸ್ಥೆ ನಡೆಯುವ ರೀತಿ ನೋಡೋಣ. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಯಾರೋ ಒಂದು ಪ್ರಬಂಧ ಹಾಕಿದರು. 2009ರ ಜನವರಿ 3ರಂದು ಬಿಟ್‌ಕಾಯಿನ್‌ನ ಮೊದಲ ಬ್ಲಾಕ್ ಹುಟ್ಟಿತು. ಆ ಸತೋಶಿ ಯಾರು ಅನ್ನುವುದು ಇವತ್ತಿಗೂ ಬಯಲಾಗಿಲ್ಲ. ತನಿಖೆಗೆ ಅದು ಬೇಕಾಗಿಯೂ ಇಲ್ಲ. ಬೇಕಾದದ್ದು ಇಷ್ಟು: ಇಲ್ಲಿ ಬ್ಯಾಂಕ್ ಇಲ್ಲ, ಒಂದು ಲೆಕ್ಕದ ಪುಸ್ತಕ ಇದೆ. ಅದೇ ಬ್ಲಾಕ್‌ಚೈನ್. ಅದರ ಪ್ರತಿಯನ್ನು ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರ್‌ಗಳು ಇಟ್ಟುಕೊಂಡಿವೆ. ಮೊದಲ ದಿನದಿಂದ ಇವತ್ತಿನವರೆಗೆ ಯಾವ ಅಡ್ರೆಸ್‌ನಿಂದ ಯಾವ ಅಡ್ರೆಸ್‌ಗೆ ಎಷ್ಟು ಹೋಯಿತು ಅನ್ನುವುದೆಲ್ಲ ಅದರಲ್ಲಿದೆ. ಯಾರು ಬೇಕಾದರೂ ಓದಬಹುದು. ಕೋರ್ಟ್ ಆರ್ಡರ್ ಬೇಡ, ಬ್ಯಾಂಕಿಗೆ ನೋಟಿಸ್ ಕಳಿಸಿ ಹದಿನೈದು ದಿನ ಕಾಯುವುದೂ ಬೇಡ. ಬ್ಲಾಕ್ ಎಕ್ಸ್‌ಪ್ಲೋರರ್ ಅನ್ನುವ ವೆಬ್‌ಸೈಟ್‌ನಲ್ಲಿ ಐಡಿ ಹಾಕಿದರೆ ಸಾಕು.

ಹಾಲಿನ ಡೇರಿಯ ಬೋರ್ಡಿನಲ್ಲಿ ಸದಸ್ಯರ ಹೆಸರು ಬಿಟ್ಟು ಬರೀ ನಂಬರ್ ಹಾಕಿ ಲೀಟರ್ ಬರೆದ ಹಾಗೆ ಇದು. 47ನೇ ನಂಬರು ಯಾರದ್ದು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆದರೆ ಒಮ್ಮೆ ಗೊತ್ತಾಯಿತೋ, ಅವರ ಇಡೀ ವರ್ಷದ ಲೆಕ್ಕ ಕಣ್ಣೆದುರಿಗೇ ಇರುತ್ತದೆ. ಕ್ರಿಪ್ಟೊ ಗೌಪ್ಯ ಅಂತ ಜನ ಹೇಳುವುದರಲ್ಲಿ ಅರ್ಧ ಮಾತ್ರ ನಿಜ. ಹೆಸರು ಗೌಪ್ಯ, ವ್ಯವಹಾರ ಬಯಲು.

ಹೆಸರು ಸಿಗುವುದೂ ಅಸಾಧ್ಯವಲ್ಲ. ಕಳ್ಳನಿಗೆ ಕೊನೆಗೆ ಬೇಕಾಗುವುದು ರೂಪಾಯಿಯೋ ಡಾಲರೋ. ಅದಕ್ಕೆ ಅವನು ಹೆಚ್ಚಾಗಿ ಕ್ರಿಪ್ಟೊ ಕೊಂಡು ಮಾರುವ ಯಾವುದಾದರೂ ಎಕ್ಸ್‌ಚೇಂಜಿಗೆ ಬರಬೇಕು. 2023ರ ಮಾರ್ಚ್‌ನಿಂದ ನಮ್ಮಲ್ಲಿ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ. ಗ್ರಾಹಕರ ಕೆವೈಸಿ ಇಡಲೇಬೇಕು, ಅನುಮಾನದ ವ್ಯವಹಾರ ಕಂಡರೆ ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಅಂದರೆ ಅಡ್ರೆಸ್ ಹಿಡಿದು ಹೋದರೆ ಆಧಾರ್, ಪ್ಯಾನ್, ಫೋಟೊ ಇರುವ ಬಾಗಿಲಿಗೇ ಹೋಗಿ ನಿಲ್ಲುವ ಸಾಧ್ಯತೆ ಇದೆ.

ಎಲ್ಲ ಕಾಯಿನ್‌ಗಳೂ ಹೀಗಿಲ್ಲ, ನಿಜ. ಮೊನೆರೊ ಅಂತ ಒಂದಿದೆ. ಅದು ಕಳಿಸಿದವರು, ಪಡೆದವರು, ಮೊತ್ತ ಎಲ್ಲವನ್ನೂ ಮುಚ್ಚಿಡುತ್ತದೆ. ಹಲವರ ಕಾಯಿನ್‌ಗಳನ್ನು ಕಲಸಿ ಜಾಡು ಕೆಡಿಸುವ ಮಿಕ್ಸರ್‌ಗಳೂ ಇವೆ. ಆದರೆ ನಮ್ಮ ಊರುಗಳ ಜನರಿಂದ ದುಡ್ಡು ಕಿತ್ತುಕೊಳ್ಳುವ ಆ್ಯಪ್‌ಗಳು ಸಾಮಾನ್ಯವಾಗಿ ಕೇಳುವುದು ಯುಎಸ್‌ಡಿಟಿ. ಒಂದು ಕಾಯಿನ್‌ಗೆ ಒಂದು ಡಾಲರ್ ಅಂತ ಲೆಕ್ಕ, ಟ್ರಾನ್ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ ಬೇಗ ಹೋಗುತ್ತದೆ. ಪುಸ್ತಕ ಪೂರ್ತಿ ಬಯಲು. ಇನ್ನೂ ಒಂದು ವಿಷಯ ಇಲ್ಲಿ ನಿಮ್ಮ ಕಡೆಗಿದೆ. ಬಿಟ್‌ಕಾಯಿನ್ ಅನ್ನು ಯಾರೂ ತಡೆಹಿಡಿಯಲಾಗದು. ಆದರೆ ಯುಎಸ್‌ಡಿಟಿ ಹೊರಡಿಸುವ ಟೆಥರ್ ಕಂಪನಿ ಯಾವುದೇ ಅಡ್ರೆಸ್‌ನಲ್ಲಿರುವ ತನ್ನ ಕಾಯಿನ್ ಅನ್ನು ಫ್ರೀಜ್ ಮಾಡಬಲ್ಲದು. ತನಿಖಾ ಸಂಸ್ಥೆಗಳು ಕೇಳಿದಾಗ ಮಾಡಿದೆ ಕೂಡ. ಅಡ್ರೆಸ್ಸೇ ಬರೆದುಕೊಳ್ಳದಿದ್ದರೆ ಏನನ್ನು ಫ್ರೀಜ್ ಮಾಡಿ ಅಂತ ಕೇಳುವುದು?

ಜಾಡು ಹಿಡಿದು ಹೋದರೆ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಹೇಳುತ್ತೇನೆ. 2016ರ ಆಗಸ್ಟ್‌ನಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 1,20,000 ಬಿಟ್‌ಕಾಯಿನ್ ಕಳುವಾಯಿತು. ಕಳ್ಳರು ಅದನ್ನು ಸಣ್ಣ ಸಣ್ಣ ತುಂಡು ಮಾಡಿ ವರ್ಷಗಟ್ಟಲೆ ಓಡಾಡಿಸಿದರು. ಅಮೆರಿಕದ ತನಿಖಾಧಿಕಾರಿಗಳು ಆ ಬಯಲು ಪುಸ್ತಕವನ್ನೇ ಓದುತ್ತಾ ಕುಳಿತರು. 2022ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಗಂಡ ಹೆಂಡತಿಯನ್ನು ಹಿಡಿದರು. 94,000ಕ್ಕೂ ಹೆಚ್ಚು ಬಿಟ್‌ಕಾಯಿನ್ ವಾಪಸ್ ಸಿಕ್ಕಿತು. ಆರು ವರ್ಷ ಹಳೆಯ ವ್ಯವಹಾರ ಒಂದು ಅಕ್ಷರವೂ ಅಳಿಯದೆ ಅಲ್ಲೇ ಇತ್ತು. ನಮ್ಮ ಕೇಸುಗಳಲ್ಲಿ ಅಷ್ಟು ದುಡ್ಡೂ ಇಲ್ಲ, ಅಷ್ಟು ಸಿಬ್ಬಂದಿಯೂ ಇಲ್ಲ, ಒಪ್ಪುತ್ತೇನೆ. ಹಾಗಂತ ಮೊದಲ ದಿನದ ಮಾಹಿತಿಯನ್ನೂ ಬಿಟ್ಟುಬಿಡುವುದು ಬೇಡ ಅಲ್ವಾ?

ಈಗ ಮೈನಿಂಗ್ ವಿಷಯ. ನನ್ನ ಹತ್ತಿರ ಬರುವ ಮೋಸದ ಕಥೆಗಳಲ್ಲಿ ಮೈನಿಂಗ್ ಪ್ಲ್ಯಾನ್ ಇಲ್ಲದ ತಿಂಗಳೇ ಇಲ್ಲ. ಇದನ್ನು ಸರಿಯಾಗಿ ತಿಳಿದುಕೊಂಡವರು ಅದರಲ್ಲಿ ಬೀಳುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆ ಲೆಕ್ಕದ ಪುಸ್ತಕಕ್ಕೆ ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಅದೇ ಬ್ಲಾಕ್. ಆ ಪುಟ ಬರೆಯುವ ಹಕ್ಕಿಗಾಗಿ ಜಗತ್ತಿನ ಮೈನರ್‌ಗಳೆಲ್ಲ ಪೈಪೋಟಿ ಮಾಡುತ್ತಾರೆ. ಪುಟದ ಮಾಹಿತಿಗೆ ಒಂದು ಸಂಖ್ಯೆ ಸೇರಿಸಿ ಲೆಕ್ಕ ಹಾಕಬೇಕು. ಉತ್ತರ ಒಂದು ಮಿತಿಗಿಂತ ಚಿಕ್ಕದಾಗಿ ಬರಬೇಕು. ಬರಲಿಲ್ಲವೋ, ಸಂಖ್ಯೆ ಬದಲಿಸಿ ಮತ್ತೆ ಲೆಕ್ಕ. ಇದಕ್ಕೆ ಬುದ್ಧಿವಂತಿಕೆ ಬೇಡ, ಅಡ್ಡದಾರಿಯೂ ಇಲ್ಲ. ಸುಮ್ನೆ ಪ್ರಯತ್ನಿಸುತ್ತಾ ಇರಬೇಕು ಅಷ್ಟೆ. ಮೊದಲು ಉತ್ತರ ಸಿಕ್ಕವರಿಗೆ ಹೊಸ ಬಿಟ್‌ಕಾಯಿನ್ ಬಹುಮಾನ. 2009ರಲ್ಲಿ ಬ್ಲಾಕಿಗೆ 50 ಇತ್ತು. 2,10,000 ಬ್ಲಾಕ್‌ಗೊಮ್ಮೆ, ಅಂದರೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧ ಆಗುತ್ತದೆ. 2024ರ ಏಪ್ರಿಲ್‌ನಿಂದ 3.125. ಒಟ್ಟು 2.1 ಕೋಟಿ ಬಿಟ್‌ಕಾಯಿನ್ ಮೀರಿ ಹುಟ್ಟುವುದಿಲ್ಲ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಯಂತ್ರಗಳು ಜಾಸ್ತಿಯಾದರೆ ಕಾಯಿನ್ ಜಾಸ್ತಿ ಹುಟ್ಟುವುದಿಲ್ಲ. 2016 ಬ್ಲಾಕ್‌ಗೊಮ್ಮೆ, ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ಲೆಕ್ಕದ ಕಷ್ಟವನ್ನು ವ್ಯವಸ್ಥೆಯೇ ಏರಿಸಿ ಇಳಿಸಿ ಹತ್ತು ನಿಮಿಷದ ಲಯ ಕಾಯುತ್ತದೆ. ದಿನಕ್ಕೆ ಸುಮಾರು 144 ಬ್ಲಾಕ್, 450 ಹೊಸ ಬಿಟ್‌ಕಾಯಿನ್. ಇಡೀ ಜಗತ್ತಿನ ಮೈನರ್‌ಗಳು ಹಂಚಿಕೊಳ್ಳಬೇಕಾದ್ದು ಇಷ್ಟನ್ನೇ. ಹೊಸಬರು ಬಂದಷ್ಟೂ ಹಳಬರ ಪಾಲು ಕರಗುತ್ತದೆ. ಹಾಗಿರುವಾಗ ದಿನಕ್ಕೆ ಇಷ್ಟೇ ರೂಪಾಯಿ ಗ್ಯಾರಂಟಿ ಅನ್ನುವ ಮೈನಿಂಗ್ ಇರಲು ಹೇಗೆ ಸಾಧ್ಯ? ಅಷ್ಟು ಲಾಭ ಇದ್ದವನು ತಾನೇ ಯಂತ್ರ ಕೊಂಡು ಸುಮ್ಮನಿರುತ್ತಿದ್ದ. ಇನ್ನಿಬ್ಬರನ್ನು ಸೇರಿಸಿ ಅಂತ ನಮ್ಮ ನಿಮ್ಮ ಮನೆ ಬಾಗಿಲಿಗೆ ಬರುತ್ತಿರಲಿಲ್ಲ.

ಕರೆಂಟಿನ ಲೆಕ್ಕವನ್ನೂ ಹಾಕಿ ನೋಡಿ. ಈ ಕೆಲಸಕ್ಕೇ ಮಾಡಿದ ಇತ್ತೀಚಿನ ಒಂದು ಯಂತ್ರ ಸೆಕೆಂಡಿಗೆ ಸುಮಾರು 200 ಲಕ್ಷ ಕೋಟಿ ಸಲ ಲೆಕ್ಕ ಹಾಕುತ್ತದೆ, 3,500 ವಾಟ್ ಎಳೆಯುತ್ತದೆ. ದಿನಕ್ಕೆ 84 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಒಂದು ಯಂತ್ರಕ್ಕೆ ದಿನಕ್ಕೆ 500 ರೂಪಾಯಿ ಕರೆಂಟ್ ಬಿಲ್. ಫೋನಿನಲ್ಲಿ ಆ್ಯಪ್ ಹಾಕಿಕೊಂಡು ರಾತ್ರಿ ಮಲಗಿದರೆ ಬೆಳಿಗ್ಗೆ ಬಿಟ್‌ಕಾಯಿನ್ ಬಂದಿರುತ್ತದೆ ಅನ್ನುವ ಮಾತು ಇದರ ಮುಂದೆ ನಿಲ್ಲುತ್ತದಾ? ಫೋನಿನಲ್ಲೇ ಮೈನಿಂಗ್ ಮಾಡುವ ಆ್ಯಪ್‌ಗಳನ್ನು ಗೂಗಲ್ ಮತ್ತು ಆ್ಯಪಲ್ ತಮ್ಮ ಸ್ಟೋರ್‌ಗಳಲ್ಲಿ 2018ರಲ್ಲೇ ನಿಷೇಧಿಸಿವೆ. ಈಗ ಜನರ ಫೋನಿನಲ್ಲಿ ಓಡುತ್ತಿರುವುದು ಬರೀ ಏರುತ್ತಾ ಹೋಗುವ ಅಂಕಿ. ಅಂದಹಾಗೆ ಎರಡನೇ ದೊಡ್ಡ ಕಾಯಿನ್ ಆದ, ಎಥೀರಿಯಂ ಜಾಲದ ಈಥರ್‌ನಲ್ಲಿ 2022ರ ಸೆಪ್ಟೆಂಬರ್‌ನಿಂದ ಮೈನಿಂಗೇ ಇಲ್ಲ. "ಎಥೀರಿಯಂ ಮೈನಿಂಗ್ ಪ್ಲ್ಯಾನ್" ಅಂತ ಯಾರಾದರೂ ಪಾಂಪ್ಲೆಟ್ ತಂದು ತೋರಿಸಿದರೆ ಮುಂದೆ ಓದುವ ಅಗತ್ಯವೇ ಇಲ್ಲ.

ನಮ್ಮ ಯಂತ್ರ ಬೇರೆ ದೇಶದಲ್ಲಿದೆ, ನೀವು ಬಾಡಿಗೆಗೆ ತಗೊಳ್ಳಿ ಅನ್ನುವ ಕ್ಲೌಡ್ ಮೈನಿಂಗ್ ಇನ್ನೊಂದು ಬಗೆ. ಎಸ್ಟೋನಿಯಾದ ಹ್ಯಾಶ್‌ಫ್ಲೇರ್ ಕಂಪನಿ ಹೀಗೆ 50 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿತ್ತು. ಬಾಡಿಗೆಗೆಂದು ಮಾರಿದ ಮೈನಿಂಗ್ ಶಕ್ತಿಯಲ್ಲಿ ನಿಜವಾಗಿ ಅವರ ಹತ್ತಿರ ಇದ್ದದ್ದು ಶೇ 1ಕ್ಕಿಂತ ಕಡಿಮೆ. ಸ್ಥಾಪಕರಿಬ್ಬರನ್ನು 2022ರ ನವೆಂಬರ್‌ನಲ್ಲಿ ಬಂಧಿಸಿದರು, ಆಮೇಲೆ ತಪ್ಪೊಪ್ಪಿಕೊಂಡರು. ನಮ್ಮ ದೇಶದ ಗೇನ್‌ಬಿಟ್‌ಕಾಯಿನ್ ಯೋಜನೆ 18 ತಿಂಗಳು, ತಿಂಗಳಿಗೆ ಶೇ 10 ಕೊಡುತ್ತೇನೆ ಅಂದಿತ್ತು. ಬಿಟ್‌ಕಾಯಿನ್‌ನಲ್ಲಿ ಕೊಡುತ್ತಿದ್ದದ್ದನ್ನು ನಿಲ್ಲಿಸಿ ಎಂಕ್ಯಾಪ್ ಎಂಬ ತನ್ನದೇ ಬೆಲೆಯಿಲ್ಲದ ಕಾಯಿನ್ ಕೊಡತೊಡಗಿತು. 2025ರ ಫೆಬ್ರವರಿಯಲ್ಲಿ ಸಿಬಿಐ ಈ ಕೇಸಿಗಾಗಿ ಶೋಧ ಮಾಡಿದ ಊರುಗಳಲ್ಲಿ ಬೆಂಗಳೂರೂ ಇತ್ತು. ಎಚ್‌ಪಿಜೆಡ್ ಟೋಕನ್ ಆ್ಯಪ್ ಇನ್ನೂ ಧೈರ್ಯದ್ದು. 57,000 ರೂಪಾಯಿ ಹಾಕಿದರೆ ಮೂರು ತಿಂಗಳು ದಿನಕ್ಕೆ 4,000. ತೊಂಬತ್ತು ದಿನಕ್ಕೆ 3,60,000 ಆಯಿತು. ಜಾರಿ ನಿರ್ದೇಶನಾಲಯ ಹೇಳಿದ ಪ್ರಕಾರ ಜನರಿಗೆ ಕೊಟ್ಟಿದ್ದು ಒಂದೇ ಸಲ.

ಇದನ್ನೆಲ್ಲ ದುರಾಸೆ ಅಂತ ಬೈದು ಕಳಿಸಬೇಡಿ ಅಂತ ನನ್ನ ವಿನಂತಿ. ಹಿಮಾಚಲ ಪ್ರದೇಶದಲ್ಲಿ 2023ರಲ್ಲಿ ಬಯಲಾದ ಕ್ರಿಪ್ಟೊ ಹಗರಣದಲ್ಲಿ ದುಡ್ಡು ಹಾಕಿದವರ ಪೈಕಿ ಪೊಲೀಸ್ ಸಿಬ್ಬಂದಿಯೇ ಸಾವಿರಕ್ಕೂ ಹೆಚ್ಚು ಇದ್ದರು ಎಂದು ವರದಿಯಾಗಿತ್ತು. ಠಾಣೆಯಲ್ಲಿ ನಾಲ್ಕು ಜನರ ಎದುರು "ಓದಿದವರಾಗಿ ಇಷ್ಟೂ ಗೊತ್ತಾಗಲ್ವೇನ್ರಿ" ಅನ್ನಿಸಿಕೊಂಡ ಒಬ್ಬ ಮೇಷ್ಟ್ರು ಎರಡನೇ ಸಲ ಠಾಣೆಗೆ ಹೋಗಲೇ ಇಲ್ಲ. ಅವರ ಹತ್ತಿರ ಇದ್ದ ಟ್ರಾನ್ಸಾಕ್ಷನ್ ಐಡಿ ಇವತ್ತಿಗೂ ಅವರ ಫೋನಿನಲ್ಲೇ ಇದೆ.

ನನ್ನ ಕೆಲಸಕ್ಕೆ ಸಂಬಂಧಪಟ್ಟ ಒಂದು ಸುಳಿವು ನಿಮಗೂ ಉಪಯೋಗಕ್ಕೆ ಬರಬಹುದು. ನಕಲಿ ಟ್ರೇಡಿಂಗ್ ಆ್ಯಪ್‌ಗಳು ಕೊನೆಯಲ್ಲಿ ಹೂಡುವ ಆಟ ಹೆಚ್ಚುಕಡಿಮೆ ಒಂದೇ. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಮೊದಲು ಎರಡು ಮೂರು ಸಾವಿರ ನಿಜವಾಗಿ ಅಕೌಂಟಿಗೆ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ಲಕ್ಷಗಟ್ಟಲೆ ಹಾಕಿಸಿಕೊಳ್ಳುತ್ತಾರೆ. ಪರದೆ ಮೇಲೆ ಹತ್ತು ಪಟ್ಟು ಲಾಭ ಕಾಣುತ್ತದೆ. ವಾಪಸ್ ತೆಗೆಯಲು ಹೋದರೆ, "ಸರ್ಕಾರದ ಶೇ 30 ತೆರಿಗೆ ಮೊದಲು ಕಟ್ಟಿ" ಅನ್ನುತ್ತಾರೆ. ತೆರಿಗೆ ಅನ್ನುವ ಮಾತು ಕೇಳಿದ ತಕ್ಷಣ ಜನಕ್ಕೆ ಇದು ಸರ್ಕಾರಿ ಒಪ್ಪಿಗೆ ಇರುವ ವ್ಯವಹಾರ ಅನಿಸಿಬಿಡುತ್ತದೆ. ಸಾಲ ಮಾಡಿ ಕಟ್ಟುತ್ತಾರೆ.

ನಿಜವಾದ ತೆರಿಗೆ ಹಾಗೆ ಕಟ್ಟುವುದಲ್ಲ. ಶೇ 30ನ್ನು ನಾವೇ ಇಲಾಖೆಯ ಚಲನ್ ಮೂಲಕ ಕಟ್ಟುತ್ತೇವೆ, ಯಾವ ಆ್ಯಪಿನ ಯುಪಿಐ ಐಡಿಗೂ ಅಲ್ಲ. 2022ರ ಜುಲೈ 1ರಿಂದ ಬಂದ ಶೇ 1ರ ಟಿಡಿಎಸ್ ಅನ್ನು ಮಾರಿದ ಮೊತ್ತದಲ್ಲೇ ಹಿಡಿದುಕೊಳ್ಳುತ್ತಾರೆ, ಹೊರಗಿನಿಂದ ತಂದು ತುಂಬಿ ಅನ್ನುವುದಿಲ್ಲ. ಹಾಗೆ ಹಿಡಿದದ್ದು ನಮ್ಮ ಪ್ಯಾನ್‌ನ 26ಎಎಸ್‌ನಲ್ಲಿ, ಅಂದರೆ ಹಿಡಿದ ತೆರಿಗೆಯ ಪಟ್ಟಿಯಲ್ಲಿ, ಕಾಣುತ್ತದೆ. ನಾಲ್ಕು ಲಕ್ಷಕ್ಕೆ ಕಾಯಿನ್ ಮಾರಿದ್ದೇನೆ ಅಂತ ಆ್ಯಪ್ ತೋರಿಸುತ್ತಿದೆ, 26ಎಎಸ್‌ನಲ್ಲಿ ಒಂದು ರೂಪಾಯಿಯೂ ಇಲ್ಲ ಅಂದರೆ ಆ ಆ್ಯಪಿನ ಮೇಲೆ ಅನುಮಾನ ಪಡಲು ಅಷ್ಟು ಸಾಕು. ಇನ್ನು ತೆರಿಗೆ ಇದೆ ಅಂದ ಮಾತ್ರಕ್ಕೆ ಕ್ರಿಪ್ಟೊ ನಮ್ಮಲ್ಲಿ ಹಣ ಅಂತ ಮಾನ್ಯವಾಗಿಲ್ಲ. ನಿಷೇಧವೂ ಆಗಿಲ್ಲ. ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಅಂದಿದ್ದ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಹಾಗಾಗಿ ಕ್ರಿಪ್ಟೊ ಇಟ್ಟುಕೊಂಡಿದ್ದೇ ಅಪರಾಧ ಅನ್ನುವಂತೆ ದೂರುದಾರರನ್ನು ವಿಚಾರಿಸುವುದನ್ನೂ ದಯವಿಟ್ಟು ಬಿಡಿ.

ಎಲ್ಲ ದೂರಿನಲ್ಲೂ ಟ್ರಾನ್ಸಾಕ್ಷನ್ ಐಡಿ ಇರುವುದಿಲ್ಲ. ಕೆಲವರು ಎಕ್ಸ್‌ಚೇಂಜಿನಲ್ಲಿ ತಾವೇ ಯುಎಸ್‌ಡಿಟಿ ಕೊಂಡು ಕಳ್ಳರು ಕೊಟ್ಟ ಅಡ್ರೆಸ್‌ಗೆ ಕಳಿಸಿರುತ್ತಾರೆ. ಅಂಥವರ ಹಿಸ್ಟರಿಯಲ್ಲಿ ಐಡಿ ಇದ್ದೇ ಇರುತ್ತದೆ. ಇನ್ನು ಕೆಲವರು ಬರೀ ರೂಪಾಯಿ ಕಳಿಸಿರುತ್ತಾರೆ. ಆ ರೂಪಾಯಿ ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ, ಸಿಮ್ ಕೊಟ್ಟ ಯಾರೋ ಕಾಲೇಜು ಹುಡುಗನ ಅಕೌಂಟಿಗೆ ಬೀಳುತ್ತದೆ. ಅಲ್ಲಿಂದ ಪಿ2ಪಿಯಲ್ಲಿ, ಅಂದರೆ ಒಬ್ಬರಿಂದೊಬ್ಬರಿಗೆ ನೇರವಾಗಿ, ಯುಎಸ್‌ಡಿಟಿ ಮಾರುವವನ ಅಕೌಂಟಿಗೆ ಹೋಗುತ್ತದೆ. ಆಮೇಲೆ ಅದು ಕಾಯಿನ್ ಆಗಿ ಹೊರಗೆ ಹಾರುತ್ತದೆ. ಇಲ್ಲಿ ಪಿ2ಪಿಯಲ್ಲಿ ಮಾರಿದವನು ಎಷ್ಟೋ ಸಲ ಏನೂ ಅರಿಯದವನು. ಬೇರೆ ರಾಜ್ಯದ ಪೊಲೀಸರ ಒಂದು ಇಮೇಲ್‌ಗೆ ಅವನ ಸಂಬಳದ ಅಕೌಂಟ್ ಪೂರ್ತಿ ಫ್ರೀಜ್ ಆಗುತ್ತದೆ. ಮನೆ ಲೋನಿನ ಕಂತು ಬೌನ್ಸ್ ಆಗುತ್ತದೆ. ಅವನನ್ನು ಸಾಕ್ಷಿಯಾಗಿ ಕರೆಯಿರಿ. ಕಾಯಿನ್ ಕೊಂಡವನ ಹೆಸರು, ಆರ್ಡರ್ ನಂಬರ್, ಚಾಟ್ ಎಲ್ಲ ಅವನ ಹತ್ತಿರ ಇರುತ್ತದೆ. ತಕರಾರಿನ ಮೊತ್ತ 18,000 ಇದ್ದರೆ 18,000ಕ್ಕೆ ಮಾತ್ರ ತಡೆ ಹಾಕಿಸಿ. ಇಡೀ ಅಕೌಂಟ್ ಮುಚ್ಚಿದರೆ ಅವನು ಲಾಯರ್ ಹುಡುಕುತ್ತಾನೆ, ನಿಮ್ಮ ಹತ್ತಿರ ಬರುವುದಿಲ್ಲ.

ಜಪ್ತಿ ವಿಷಯದಲ್ಲೂ ಒಂದು ಮಾತು. 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಒಬ್ಬ ಹ್ಯಾಕರ್‌ನಿಂದ ಸುಮಾರು 9 ಕೋಟಿ ರೂಪಾಯಿಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡೆವು ಅಂದಿದ್ದರು. ಆಮೇಲೆ ಪೊಲೀಸರೇ ಕೊಟ್ಟ ವಿವರಣೆ ಬೇರೆ. ಅದು ಯಾವುದೋ ಎಕ್ಸ್‌ಚೇಂಜಿನ ವ್ಯಾಲೆಟ್, ಆರೋಪಿಯ ಬಳಿ ಅದರ ಪ್ರೈವೇಟ್ ಕೀ, ಅಂದರೆ ಕಾಯಿನ್ ಕಳಿಸಲು ಬೇಕಾದ ಗುಟ್ಟಿನ ಸಂಕೇತ, ಇರಲೇ ಇಲ್ಲ. ಅದರ ಸುತ್ತ ಎದ್ದ ರಾಜಕೀಯ ಗಲಾಟೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪರದೆ ಮೇಲೆ ಕಾಯಿನ್ ಕಂಡರೆ ಅದು ವಶವಾದ ಹಾಗಲ್ಲ. ಪ್ರೈವೇಟ್ ಕೀ ಯಾರ ಹತ್ತಿರವೋ ಕಾಯಿನ್ ಅವರದ್ದು. ಇಲಾಖೆಯ ವ್ಯಾಲೆಟ್‌ಗೆ ವರ್ಗ ಮಾಡಿ, ಆ ವರ್ಗಾವಣೆಯ ಐಡಿಯನ್ನು ಪಂಚನಾಮೆಯಲ್ಲಿ ಬರೆದ ಮೇಲೆಯೇ ಅದು ಜಪ್ತಿ. ಮನೆ ಶೋಧಕ್ಕೆ ಹೋದಾಗ ಲ್ಯಾಪ್‌ಟಾಪ್ ಒಂದನ್ನೇ ಎತ್ತಿಕೊಂಡು ಬರಬೇಡಿ. 12 ಅಥವಾ 24 ಇಂಗ್ಲಿಷ್ ಪದಗಳನ್ನು ಸಾಲಾಗಿ ಬರೆದ ಚೀಟಿ ಇದೆಯಾ ನೋಡಿ. ಆ ಪದಗಳು ಕೈಲಿದ್ದರೆ ಪ್ರೈವೇಟ್ ಕೀ ಇದ್ದ ಹಾಗೆಯೇ. ಡೈರಿಯ ಹಿಂದಿನ ಪುಟದಲ್ಲೂ ಇರಬಹುದು. ಆ ಚೀಟಿಯ ಇನ್ನೊಂದು ಪ್ರತಿ ಹೊರಗಿರುವ ಸಂಗಾತಿಯ ಹತ್ತಿರ ಇದ್ದರೆ, ನೀವು ಮಹಜರು ಬರೆದು ಮುಗಿಸುವಷ್ಟರಲ್ಲಿ ಕಾಯಿನ್ ಹೋಗಿರುತ್ತದೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ದೂರಿನ ನಮೂನೆಯಲ್ಲಿ ಒಂದು ಕಾಲಂ ಸೇರಿಸಿ: ಯಾವ ಕಾಯಿನ್, ಯಾವ ಜಾಲ, ಯಾವ ಅಡ್ರೆಸ್, ಟ್ರಾನ್ಸಾಕ್ಷನ್ ಐಡಿ, ಗಂಟೆ ನಿಮಿಷ. ಟ್ರಾನ್ ಅಡ್ರೆಸ್‌ನಲ್ಲಿ 34 ಅಕ್ಷರ ಇರುತ್ತದೆ, ಇಂಗ್ಲಿಷಿನ ಟಿಯಿಂದ ಶುರುವಾಗುತ್ತದೆ. ಟ್ರಾನ್ಸಾಕ್ಷನ್ ಐಡಿಯಲ್ಲಿ 64. ದಯವಿಟ್ಟು ಇದನ್ನು ಕೈಯಲ್ಲಿ ಬರೆದುಕೊಳ್ಳಬೇಡಿ. ಟ್ರಾನ್ ಅಡ್ರೆಸ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ಒಂದು ತಪ್ಪಿದರೂ ಅದು ಕೆಲಸಕ್ಕೆ ಬರುವುದಿಲ್ಲ. ದೂರುದಾರರ ಫೋನಿನಿಂದಲೇ ಕಾಪಿ ಮಾಡಿ ಠಾಣೆಯ ಇಮೇಲ್‌ಗೆ ಕಳಿಸಲು ಹೇಳಿ. ಸ್ಕ್ರೀನ್‌ಶಾಟ್ ಜೊತೆಗಿರಲಿ. ಆ್ಯಪ್ ಡಿಲೀಟ್ ಮಾಡಬೇಡಿ ಅಂತಲೂ ಹೇಳಿ. ಗಾಬರಿಯಲ್ಲಿ ಜನ ಮೊದಲು ಮಾಡುವುದೇ ಅದನ್ನು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದವರಿಗೂ ಈ ಪ್ರಶ್ನೆಗಳನ್ನು ಅಲ್ಲೇ ಕೇಳುವ ವ್ಯವಸ್ಥೆ ಆಗಬೇಕು. ಯುಎಸ್‌ಡಿಟಿ ನಿಮಿಷಗಳಲ್ಲಿ ನಾಲ್ಕಾರು ಅಡ್ರೆಸ್ ದಾಟುತ್ತದೆ. ಠಾಣೆಗೆ ಬಂದು ಸರದಿಯಲ್ಲಿ ಕೂತು ಬರೆಸುವ ಹೊತ್ತಿಗೆ ಅದು ಎಲ್ಲೋ ಇರುತ್ತದೆ. ಜಾಡು ಉಳಿಯುತ್ತದೆ ನಿಜ, ಆದರೆ ಫ್ರೀಜ್ ಮಾಡುವ ಅವಕಾಶ ಕೈತಪ್ಪುತ್ತದೆ.

ದೂರು ಕೊಟ್ಟು ಹೊರಡುವವರಿಗೆ ಇನ್ನೊಂದು ಎಚ್ಚರಿಕೆ ಕೊಡಿ. ಕೆಲವೇ ದಿನಗಳಲ್ಲಿ ಅವರಿಗೆ ಎರಡನೇ ಕರೆ ಬರಬಹುದು. ಹೋದ ಕ್ರಿಪ್ಟೊ ವಾಪಸ್ ತಂದುಕೊಡುತ್ತೇವೆ, ನಾವು ಎಥಿಕಲ್ ಹ್ಯಾಕರ್‌ಗಳು, ಸೈಬರ್ ಸೆಲ್‌ನವರು, ಮುಂಗಡ ಇಷ್ಟು ಕಟ್ಟಿ ಅಂತ. ಬ್ಲಾಕ್‌ಚೈನ್‌ನಲ್ಲಿ ಹೋದದ್ದನ್ನು ಹಿಂದಕ್ಕೆ ತಿರುಗಿಸುವ ಬಟನ್ ಯಾರ ಹತ್ತಿರವೂ ಇಲ್ಲ. ಎಕ್ಸ್‌ಚೇಂಜ್ ತಡೆಯಬೇಕು, ಕಾಯಿನ್ ಹೊರಡಿಸಿದ ಕಂಪನಿ ತಡೆಯಬೇಕು, ಇಲ್ಲವೇ ಕೀ ಸಿಗಬೇಕು. ನಕಲಿ ಆ್ಯಪಿಗೆ ಆಧಾರ್, ಪ್ಯಾನ್, ಸೆಲ್ಫಿ ಕೊಟ್ಟಿದ್ದರೆ ಅದನ್ನೂ ದೂರಿನಲ್ಲಿ ಬರೆಸಿ. ಅದೇ ದಾಖಲೆಯಲ್ಲಿ ನಾಳೆ ಯಾರೋ ಅವರ ಹೆಸರಿನಲ್ಲಿ ಅಕೌಂಟ್ ತೆಗೆದರೆ ಆ ದೂರೇ ಅವರನ್ನು ಕಾಯುತ್ತದೆ.

ನಮೂನೆಯ ಈ ಭಾಗವನ್ನು, ಜೊತೆಗೆ ಗೋಡೆಗೆ ಅಂಟಿಸುವ ಒಂದು ಪುಟದ ಮಾಹಿತಿಯನ್ನು ಕನ್ನಡದಲ್ಲಿ ಬರೆದುಕೊಡಲು ನಾನು ತಯಾರಿದ್ದೇನೆ. ದುಡ್ಡು ಬೇಡ. ಎಕ್ಸ್‌ಪ್ಲೋರರ್‌ನಲ್ಲಿ ಒಂದು ಐಡಿ ಹಾಕಿ ಎಳೆ ಹಿಡಿದು ಹೋಗುವುದನ್ನು ತೋರಿಸಬೇಕು ಅಂದರೆ ಯಾವ ಠಾಣೆಗೆ ಬೇಕಾದರೂ ಬರುತ್ತೇನೆ, ಒಂದು ಮಧ್ಯಾಹ್ನ ಸಾಕು. ಜುಲೈ ತಿಂಗಳು ಮಾತ್ರ ಬೇಡ. ಆಗ ರಿಟರ್ನ್ ಗಡುವು, ನನಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ.

ಇಂತಿ,
ರಿಟರ್ನ್ ತುಂಬುವ ಒಬ್ಬ ನಾಗರಿಕ